ಬೆರಳಿಗೆ ದಬ್ಬೆ ಎಷ್ಟು ಬಿಗಿಯಿರಬೇಕು?

ಪ್ರಶ್ನೆ: ನಾಲ್ಕು ದಿನಗಳ ಹಿಂದೆ ಟ್ರ್ಯಾಕ್ಟರಿಗೆ ಕಬ್ಬಿನ ಹೊರೆ ಎತ್ತಿಹಾಕುವಾಗ ಜಲ್ಲೆಯೊಂದು ಬಡಿದು, ನನ್ನ ಬಲಗೈ ಉಂಗುರದ ಬೆರಳಿನ ತುದಿ ಕೆಳಕ್ಕೆ ಬಾಗಿಬಿಟ್ಟಿದೆ. ಇನ್ನೊಂದು ಕೈಯಿಂದ ಎತ್ತಿದರೆ ನೇರವಾಗುತ್ತದೆ, ಬಿಟ್ಟರೆ ಜೋತುಬೀಳುತ್ತದೆ. ಊರಿನಲ್ಲಿ ಮೂಳೆ ಕಟ್ಟುವವರೊಬ್ಬರು ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ್ದರು. ರಾತ್ರಿ ಬೆರಳು ಜೋಮು ಹಿಡಿದು, ನೋವು ತಾಳಲಾರದೆ ಬಿಚ್ಚಿದೆ. ಮತ್ತೆ ಕಟ್ಟಿಸಬೇಕೇ?
– ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ನೀವು ಬಿಚ್ಚಿದ್ದು ಒಳ್ಳೆಯದಾಯಿತು. ಪೆಟ್ಟು ಬಿದ್ದ ಬೆರಳು ಮೊದಲ ಒಂದೆರಡು ದಿನ ಊದುತ್ತಲೇ ಇರುವುದರಿಂದ, ಸಂಜೆ ಸರಿಯೆನಿಸಿದ ಕಟ್ಟು ರಾತ್ರಿಯ ಹೊತ್ತಿಗೆ ರಕ್ತದ ಹರಿವನ್ನೇ ತಡೆಯಬಹುದು. ಜೋಮು, ತಣ್ಣಗಾಗುವುದು, ನೀಲಿಗಟ್ಟುವುದು ಅದರ ಸೂಚನೆಗಳು, ಅವನ್ನು ಕಡೆಗಣಿಸಿದರೆ ಬೆರಳೇ ಹೋದೀತು. ದಬ್ಬೆಯ ಕೆಲಸ ಅಲುಗಾಡದಂತೆ ಹಿಡಿಯುವುದು, ಹಿಂಡುವುದಲ್ಲ.

ನೀವು ಬರೆದಿರುವ ಲಕ್ಷಣ ನೋಡಿದರೆ, ಬೆರಳಿನ ಕೊನೆಯ ಗಿಣ್ಣಿನ ಮೇಲ್ಭಾಗದಲ್ಲಿ ತುದಿಯನ್ನು ಎತ್ತುವ ತೆಳುವಾದ ಸ್ನಾಯುರಜ್ಜು ಹರಿದಿರಬೇಕು, ಇಲ್ಲವೇ ಅದು ಮೂಳೆಯ ಚೂರೊಂದನ್ನು ಕಿತ್ತುಕೊಂಡು ಬಂದಿರಬೇಕು. ಯಾವುದೆಂದು ಎಕ್ಸ್‌ರೇ ಮಾತ್ರ ಹೇಳಬಲ್ಲದು. ಕಟಾವು ಮುಗಿಯಲೆಂದು ಕಾಯದೆ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ನಾಳೆಯೇ ಹೋಗಿ. ಚೂರು ದೊಡ್ಡದಾಗಿದ್ದರೆ ಅಥವಾ ಕೀಲು ಜಾರಿದ್ದರೆ ಶಸ್ತ್ರಚಿಕಿತ್ಸೆ ಬೇಕಾದೀತು. ಹೆಚ್ಚಿನವರಿಗೆ ದಬ್ಬೆಯೇ ಸಾಕು.

ಆದರೆ ಆ ದಬ್ಬೆ ಬೇರೆ ಬಗೆಯದು. ಅದು ಕೊನೆಯ ಗಿಣ್ಣನ್ನು ಮಾತ್ರ ನೇರವಾಗಿ ಹಿಡಿದು, ನಡುಗಿಣ್ಣನ್ನು ಮಡಿಸಲು ಬಿಡಬೇಕು. ಹಗಲು ರಾತ್ರಿ 6ರಿಂದ 8 ವಾರ ಇರಬೇಕು. ನಡುವೆ ಒಮ್ಮೆ ತುದಿ ಜೋತುಬಿದ್ದರೂ ಕೂಡಿಕೊಳ್ಳುತ್ತಿದ್ದ ರಜ್ಜು ಮತ್ತೆ ಬಿಡುತ್ತದೆ, ಲೆಕ್ಕವನ್ನು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ನೋವು ಹೋಯಿತೆಂದು ಮೂರನೆಯ ವಾರಕ್ಕೇ ದಬ್ಬೆ ಕಿತ್ತು ಗದ್ದೆಗಿಳಿದು, ಬಾಗಿದ ಬೆರಳಿನೊಡನೆ ಮರಳಿ ಬಂದವರನ್ನು ಕಂಡಿದ್ದೇನೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಚರ್ಮ ತೊಳೆಯಬೇಕಾದಾಗ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ಬೆರಳ ತುದಿ ಮೇಜನ್ನು ಬಿಡದಂತೆ ದಬ್ಬೆಯನ್ನು ಮುಂದಕ್ಕೆ ಜಾರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ತೇವ ಆರಿದ ಮೇಲೆ ಹಾಗೆಯೇ ಹಿಂದಕ್ಕೆ ಸೇರಿಸಿ.

ಕಬ್ಬಿನ ಕೆಲಸದಲ್ಲಿ ಕೈಗೆ ಪೆಟ್ಟು ಸಾಮಾನ್ಯವಾದ್ದರಿಂದ ಇನ್ನೊಂದು ಮಾತು. ಮೂಳೆ ಮುರಿದ ಶಂಕೆಯಿದ್ದರೆ ಬಾವು ಏರುವ ಮೊದಲೇ ಉಂಗುರ, ಬಳೆ ತೆಗೆಯಿರಿ. ಸೊಟ್ಟಗಾದ ಬೆರಳನ್ನು ಎಳೆದು ನೇರಮಾಡಬೇಡಿ. ಅಂಗೈಯಲ್ಲಿ ಸುತ್ತಿದ ಬಟ್ಟೆಯೊಂದನ್ನಿಟ್ಟು, ಬೆರಳುಗಳು ತಂಬಿಗೆಯನ್ನು ಹಿಡಿದಂತೆ ತುಸು ಮಡಿಚಿರುವಾಗಲೇ, ಮೊಣಕೈ ಬಳಿಯಿಂದ ಬೆರಳ ತುದಿಯವರೆಗೆ ರಟ್ಟು ಕೊಟ್ಟು ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಗಾಯವಿದ್ದಲ್ಲಿ ಗಂಟು ಬೇಡ, ಉಗುರುಗಳು ಕಾಣುವಂತಿರಲಿ. ಉಗುರನ್ನು ಒತ್ತಿ ಬಿಟ್ಟಾಗ ಬಿಳಿಚಿದ ಬಣ್ಣ ಸುಮಾರು 2 ಸೆಕೆಂಡಿನಲ್ಲಿ ಗುಲಾಬಿಗೆ ತಿರುಗದಿದ್ದರೆ ಕಟ್ಟನ್ನು ಕೂಡಲೇ ಸಡಿಲಿಸಿ, ಕೈಯನ್ನು ಎದೆಗಿಂತ ಎತ್ತರದಲ್ಲಿಟ್ಟುಕೊಂಡೇ ಆಸ್ಪತ್ರೆಗೆ ಹೊರಡಿ.