ಪರದೆ ಕಪ್ಪಾದರೆ ಕೈ ಎತ್ತಿ

ಓದುಗರ ಪತ್ರ: ಕನ್ನಡ ಎಂ.ಎ. ಮುಗಿಸಿ ಈ ಸಲ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ-ನೆಟ್ ಬರೆದೆ. ನಡುವೆ ಕಂಪ್ಯೂಟರ್ ನಿಂತುಹೋಯಿತು. ಬೇರೆ ಕಂಪ್ಯೂಟರ್ ಮುಂದೆ ಕೂರಿಸುವಷ್ಟರಲ್ಲಿ ಸುಮಾರು ಹತ್ತು ನಿಮಿಷ ಕಳೆಯಿತು. ಆ ಹೊತ್ತು ಮರಳಿ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಕೇಳಿದರೆ ಗಲಾಟೆ ಎಂದುಕೊಂಡಾರೆಂದು ಸುಮ್ಮನೆ ಬರೆದು ಬಂದೆ. ಈಗೇನಾದರೂ ಮಾಡಬಹುದೇ?
— ಓದುಗರು, ಹಾಸನ ಜಿಲ್ಲೆ

ಸಂಪಾದಕರ ಉತ್ತರ:

ಪ್ರಿಯ ಸೋದರಿ,

ಕೇಳುವುದು ಗಲಾಟೆಯಲ್ಲ. ಯಂತ್ರ ಕೆಟ್ಟರೆ ಬದಲಿ ಯಂತ್ರ ಕೊಟ್ಟು, ನಷ್ಟವಾದ ಸಮಯವನ್ನು ಸರ್ವರ್‌ನಲ್ಲಿ ಸರಿಹೊಂದಿಸಿ ಪೂರ್ತಿ ಅವಧಿ ಒದಗಿಸಲಾಗುವುದು ಎಂದು ಪರೀಕ್ಷೆ ನಡೆಸುವ ಎನ್‌ಟಿಎಯ ಮಾಹಿತಿ ಪುಸ್ತಿಕೆಯೇ ಹೇಳುತ್ತದೆ. ಮೂರು ಗಂಟೆಗೆ 150 ಪ್ರಶ್ನೆ ಎಂದರೆ ಒಂದಕ್ಕೆ 72 ಸೆಕೆಂಡು. ಹತ್ತು ನಿಮಿಷ ಹೋದರೆ ಎಂಟು ಪ್ರಶ್ನೆ, ಒಂದಕ್ಕೆ ಎರಡರಂತೆ ಹದಿನಾರು ಅಂಕ. ಅರ್ಹತೆಯ ಅಂಚಿನಲ್ಲಿರುವವರ ಪಾಲಿಗೆ ಇದು ಸಣ್ಣ ಮಾತಲ್ಲ. ದಾಕ್ಷಿಣ್ಯಕ್ಕೆ ಬಿಟ್ಟುಕೊಡುವಂಥದ್ದೂ ಅಲ್ಲ.

ಕೊಠಡಿಯೊಳಗೆ ಮೊಬೈಲ್ ಇರುವುದಿಲ್ಲ, ಕೈಗಡಿಯಾರವೂ ಇರುವುದಿಲ್ಲ. ಹಾಗಾಗಿ ಪರದೆ ತೊಂದರೆ ಕೊಡಲು ಶುರುಮಾಡಿದ ಕೂಡಲೇ ಮೂಲೆಯಲ್ಲಿ ತೋರುವ ಉಳಿದ ಸಮಯವನ್ನೂ ಪ್ರಶ್ನೆಯ ಸಂಖ್ಯೆಯನ್ನೂ ಕೊಟ್ಟಿರುವ ಹಾಳೆಯಲ್ಲಿ ಬರೆದುಕೊಳ್ಳಬೇಕು. ಹೊಸ ಯಂತ್ರದಲ್ಲಿ ಅದೇ ಸಮಯ ಕಂಡರೆ ಚಿಂತೆಯಿಲ್ಲ. ಕಡಿಮೆ ಕಂಡರೆ ಕೈ ಎತ್ತಿ, ಮೇಲ್ವಿಚಾರಕರ ಗಮನಕ್ಕೆ ತಂದು, ಕೇಂದ್ರದ ಮುಖ್ಯಸ್ಥರನ್ನು ಕರೆಸಿ ಎನ್ನಬೇಕು. ಹೊರಬರುವ ಮೊದಲು ದೂರನ್ನು ಬರವಣಿಗೆಯಲ್ಲಿ ಕೊಡಬೇಕು.

ಬರವಣಿಗೆ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಾನೂನು ಪದವಿ ಪ್ರವೇಶಕ್ಕೆ ನಡೆಯುವ ಕ್ಲಾಟ್‌ನ 2018ರ ಆನ್‌ಲೈನ್ ಪರೀಕ್ಷೆಯಲ್ಲಿ ಹಲವರ ಸಮಯ ಹಾಳಾಯಿತು. ಯಾರಿಗೆ ಎಷ್ಟು ಹೊತ್ತು ನಷ್ಟವಾಯಿತೆಂಬ ದಾಖಲೆ ಇದ್ದುದರಿಂದ, ಅವರವರು ಉತ್ತರಿಸಿದ ವೇಗವನ್ನು ನೋಡಿ ಅಂಕ ಸರಿದೂಗಿಸುವ ಸೂತ್ರಕ್ಕೆ ಸುಪ್ರೀಂ ಕೋರ್ಟ್ ಒಪ್ಪಿತು. ಅದೇ ಸೂತ್ರವನ್ನು ವೈದ್ಯಕೀಯ ಪ್ರವೇಶ ಪರೀಕ್ಷೆಯಾದ 2024ರ ನೀಟ್‌ನಲ್ಲಿ 1,563 ಅಭ್ಯರ್ಥಿಗಳಿಗೆ ಅನ್ವಯಿಸಿದಾಗ ಎಡವಟ್ಟಾಯಿತು. ಒಟ್ಟು 720 ಅಂಕದಲ್ಲಿ, ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಳೆಯುವ ಲೆಕ್ಕದಲ್ಲಿ ಬರಲಾರದ 718, 719 ಅಂಕಗಳು ಬಂದವು. ಕೊನೆಗೆ ಹೀಗೆ ಕೊಟ್ಟ ಕೃಪಾಂಕ ರದ್ದಾಗಿ, ಬೇಕೆಂದವರಿಗೆ ಜೂನ್ 23ರಂದು ಮರುಪರೀಕ್ಷೆ ನಡೆಯಿತು. ಆ ನೀಟ್, ಕಾಗದದಲ್ಲಿ ವೃತ್ತ ತುಂಬಿ ಉತ್ತರಿಸುವ ಓಎಂಆರ್ ಹಾಳೆಯ ಪರೀಕ್ಷೆ. ಯಾವ ಉತ್ತರ ಯಾವ ನಿಮಿಷಕ್ಕೆ ಬಂತೆಂಬುದನ್ನು ಕಾಗದ ಹೇಳುವುದಿಲ್ಲ. ನೀವು ಮುಂದೆ ರಾಜ್ಯಮಟ್ಟದ ಅಧ್ಯಾಪಕ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಬರೆಯುವುದಾದರೆ ಇದು ನೆನಪಿರಲಿ: ಅದೂ ಓಎಂಆರ್ ಪರೀಕ್ಷೆಯೇ. ಪ್ರಶ್ನೆಪತ್ರಿಕೆ ತಡವಾಗಿ ಕೈಗೆ ಬಂದರೆ ಮೇಲ್ವಿಚಾರಕರ ಟಿಪ್ಪಣಿಯೇ ಮುಖ್ಯ ಆಧಾರ.

ಪರೀಕ್ಷೆಯೇ ಮುಂದೆ ಹೋಗುವ ತೊಂದರೆ ಬೇರೆ. 2024ರ ಜೂನ್ 18ರಂದು ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ ಬರೆದ ನೆಟ್ ಮರುದಿನವೇ ರದ್ದಾಯಿತು. 2025ರ ಜನವರಿ 15ರ ಪರೀಕ್ಷೆಯನ್ನು ಸಂಕ್ರಾಂತಿ, ಪೊಂಗಲ್ ಕಾರಣಕ್ಕೆ ಎರಡೇ ದಿನ ಮೊದಲು ಮುಂದೂಡಿದರು. ಊರಿನಿಂದ ಬಸ್ ಹತ್ತಿ, ಲಾಡ್ಜಿಗೆ ಮುಂಗಡ ಕಟ್ಟಿ ಬರುವ ಅಭ್ಯರ್ಥಿಯ ಖರ್ಚನ್ನು ಯಾರೂ ತುಂಬಿಕೊಡುವುದಿಲ್ಲ. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಹಬ್ಬದ ದಿನ ಕ್ಯಾಲೆಂಡರಿನಲ್ಲಿ ವರ್ಷ ಮೊದಲೇ ಅಚ್ಚಾಗಿರುತ್ತದೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಫಲಿತಾಂಶಕ್ಕೆ ಕಾಯದೆ ಇಂದೇ ಎನ್‌ಟಿಎಗೆ ಇಮೇಲ್ ಕಳುಹಿಸಿ. ಅರ್ಜಿ ಸಂಖ್ಯೆ, ದಿನಾಂಕ, ಪಾಳಿ, ಕೇಂದ್ರ, ಎಷ್ಟನೆಯ ಪ್ರಶ್ನೆಯಲ್ಲಿ ಯಂತ್ರ ನಿಂತಿತು ಎಂಬಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು, ನಿಮ್ಮ ಲಾಗಿನ್ ದಾಖಲೆ ಪರಿಶೀಲಿಸಲು ಕೋರಿ. ಕಂಪ್ಯೂಟರ್ ನಿಂತದ್ದೂ ಮತ್ತೆ ತೆರೆದದ್ದೂ ಸರ್ವರ್‌ನಲ್ಲಿ ದಾಖಲಾಗಿರುತ್ತದೆ. ನಿಮಗೆ ಸಮಯ ಮರಳಿ ಸಿಕ್ಕಿದ್ದರೆ ಅದೂ ಅಲ್ಲಿಯೇ ಗೊತ್ತಾಗುತ್ತದೆ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಅದರ ನಮೂನೆ ಬೇಕಾದರೆ ನಮಗೆ ಬರೆಯಿರಿ, ಕಳುಹಿಸಿಕೊಡುತ್ತೇವೆ.