ಓದುವಾಗ ಏಕಾಗ್ರತೆಗೆ ಮೆದುಳಿನ ಅಲೆಗಳಲ್ಲಿ ಆಲ್ಫಾ ಒಳ್ಳೇದಾ, ಅದಕ್ಕಿಂತ ವೇಗದ 40 ಹರ್ಟ್ಸ್ (ಸೆಕೆಂಡಿಗೆ 40 ಸಲ) ಗಾಮಾ ಒಳ್ಳೇದಾ? ಈಗ 40 ಹರ್ಟ್ಸ್ ಆಡಿಯೋ ಕೇಳ್ತಿದ್ದೀನಿ. ಮೆದುಳಿನ ವಿದ್ಯುತ್ತು ಅಳೆಯುವ ಇಇಜಿ ಹೆಡ್‌ಬ್ಯಾಂಡ್ ತಗೊಳ್ಳಲಾ?

ಎರಡೂ ಬೇಡ. ಹೆಡ್‌ಬ್ಯಾಂಡ್ ಅಂತೂ ಬೇಡವೇ ಬೇಡ. ನಾನು ತಗೊಂಡಿದ್ದೆ.

ಹಾಸನದ ಸಾಲಗಾಮೆ ರಸ್ತೆ ಹತ್ತಿರ ರೂಮ್ ಮಾಡಿಕೊಂಡು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೆ. ಪುಸ್ತಕ ತೆಗೆದರೆ ಮನಸ್ಸು ನಿಲ್ಲುತ್ತಿರಲಿಲ್ಲ. ಅಪ್ಪ ಶುಂಠಿ ಮಾರಿ ಕೋಚಿಂಗ್ ಫೀಸಿಗೆ ಅಂತ ಕೊಟ್ಟ ದುಡ್ಡಲ್ಲಿ ಹಣೆಗೆ ಕಟ್ಟುವ ಆ ಪಟ್ಟಿ ತರಿಸಿದೆ. ಆ್ಯಪ್‌ನಲ್ಲಿ ಆಲ್ಫಾ ಗೆರೆ ಏರಿದರೆ ಅಂಕ. ಕಣ್ಣು ಮುಚ್ಚಿ ಕೂತರೆ ಸರ್ರನೆ ಏರುತ್ತಿತ್ತು, ನನಗೆ ಖುಷಿಯೋ ಖುಷಿ. ಬೆಳಗಿನ ಓದಿನ ಹೊತ್ತೆಲ್ಲ ಇದಕ್ಕೇ ಹೋಯಿತು.

ಎಡವಟ್ಟು ಎಲ್ಲಿ ಅಂದರೆ, ಕಣ್ಣು ಮುಚ್ಚಿದರೆ ಬಹುತೇಕ ಎಲ್ಲರಿಗೂ ಆಲ್ಫಾ ಏರುತ್ತದೆ. ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಈ ಅಲೆ ತಲೆಯ ಹಿಂಭಾಗದಲ್ಲಿ, ನೋಟದ ಕೆಲಸ ನಡೆಯುವ ಕಡೆ ಜೋರು. ಕಣ್ಣು ತೆರೆದ ಕೂಡಲೇ ತಗ್ಗುತ್ತದೆ. ಮನುಷ್ಯರ ಇಇಜಿಯನ್ನು ಮೊದಲು ದಾಖಲಿಸಿದ ಜರ್ಮನಿಯ ಹಾನ್ಸ್ ಬರ್ಗರ್ 1930ರ ಹೊತ್ತಿಗೇ ಇದನ್ನು ಬರೆದಿದ್ದರು. ಓದುವಾಗ ಅಲ್ಲಿ ಇಳಿಯಬೇಕಾದದ್ದನ್ನು ನಾನು ಏರಿಸಲು ಕಲಿಯುತ್ತಿದ್ದೆ. ಪುಸ್ತಕ ನೋಡದೇ ಇರುವುದಕ್ಕೆ ತಾಲೀಮು!

ಹಾಗಂತ ಆಲ್ಫಾ ಕೆಟ್ಟದ್ದಲ್ಲ. ಎಡಗಡೆಯದರ ಮೇಲೆ ಗಮನ ಇಟ್ಟರೆ ಮೆದುಳಿನ ಬಲಭಾಗದಲ್ಲಿ ಇಳಿದು, ಎಡಭಾಗದಲ್ಲಿ ಹೆಚ್ಚಿರುತ್ತದೆ. ಬೇಡದ್ದನ್ನು ತಡೆಯುವುದು ಅದರ ಕೆಲಸ ಅಂತ ಹಲವರ ವಾದ. ಎಲ್ಲಿ, ಯಾವಾಗ ಅನ್ನೋದೇ ಮುಖ್ಯ. ಆ್ಯಪ್‌ನ ಒಂದು ಅಂಕಿಯಲ್ಲಿ ಅದೆಲ್ಲಿ ಸಿಗುತ್ತೆ?

ಆಮೇಲೆ ಬೀಟಾ, ಅಂದರೆ ಆಲ್ಫಾಗಿಂತ ವೇಗದ ಅಲೆಯ ಮೋಡ್ ಹಾಕಿದೆ. ಹಲ್ಲು ಕಚ್ಚಿ ಹುಬ್ಬು ಗಂಟಿಕ್ಕಿದರೂ ಭರ್ಜರಿ ಅಂಕ! ಹಣೆ, ದವಡೆಯ ಸ್ನಾಯುಗಳ ವಿದ್ಯುತ್ತು ಮೆದುಳಿನದ್ದಕ್ಕಿಂತ ಜೋರು, 20 ಹರ್ಟ್ಸ್‌ನಿಂದಾಚೆ ಎರಡೂ ಕಲಸಿಹೋಗುತ್ತವೆ. ಆ ವರ್ಷ ಕಟ್ ಆಫ್ ಹತ್ತಿರಕ್ಕೂ ಸುಳಿಯಲಿಲ್ಲ.

ನಿಮ್ಮ 40 ಹರ್ಟ್ಸ್ ಸುಮ್ಮನೆ ಹುಟ್ಟಿದ್ದಲ್ಲ. 2001ರಲ್ಲಿ ನರವಿಜ್ಞಾನಿಗಳಾದ ಪಾಸ್ಕಲ್ ಫ್ರೀಸ್, ರಾಬರ್ಟ್ ಡೆಸಿಮೋನ್ ತಂಡ ಕೋತಿಗಳಲ್ಲಿ ತೋರಿಸಿದ್ದು: ಗಮನ ಇಟ್ಟ ವಸ್ತುವಿಗೆ ಸ್ಪಂದಿಸುವ ನರಕೋಶಗಳು ಗಾಮಾ ಲಯದಲ್ಲಿ ಹೆಚ್ಚು ಹೊಂದಿಕೊಂಡು ಮಿಡಿಯುತ್ತವೆ. ಗಮನ ಇಟ್ಟಾಗ ಲಯ ಬಂತು ಅಂತ, ಕಿವಿಗೆ ಲಯ ತುಂಬಿದರೆ ಗಮನ ಬರುತ್ತಾ? ಮಳೆ ಬಂದರೆ ಸಕಲೇಶಪುರದಲ್ಲಿ ಕೊಡೆ ಬಿಚ್ಚುತ್ತಾರೆ. ಅರಸೀಕೆರೆಯಲ್ಲಿ ಕೊಡೆ ಬಿಚ್ಚಿ ನಿಂತರೆ ಮಳೆ ಬರಲ್ಲ.

ಹಾಗಾಗಿ ಯಾವ ಅಲೆ ಅನ್ನೋ ಪ್ರಶ್ನೆಯನ್ನೇ ಬಿಡಿ. ನೀವು ಆ ಆಡಿಯೋ ಕೇಳುತ್ತಿರೋದು ಫೋನಲ್ಲಿ ತಾನೇ? ಕಳ್ಳ ಅದೇ. ನಾನು ಫೋನನ್ನು ಮನೆ ಓನರ್ ಆಂಟಿ ಕೈಗೆ ಕೊಟ್ಟು, ರಾತ್ರಿ ಸರಿಯಾಗಿ ಮಲಗಿ ಓದಿದ ಮೇಲೆ ಎಸ್‌ಡಿಎ ಆಯಿತು. ಹೆಡ್‌ಬ್ಯಾಂಡ್ ಆರ್ಡರ್ ಹಾಕಿಬಿಟ್ಟಿದ್ದರೆ ಇವತ್ತೇ ಕ್ಯಾನ್ಸಲ್ ಮಾಡಿ, ಬಾಕ್ಸ್ ಒಡೆದ ಮೇಲೆ ನನ್ನದನ್ನು ವಾಪಸ್ ತಗೊಳ್ಳಲಿಲ್ಲ.