ಎರಡೂವರೆ ವರ್ಷದ ಮಗ ಇನ್ನೂ ಸರಿಯಾಗಿ ಮಾತಾಡ್ತಿಲ್ಲ. ಮನೆಯಲ್ಲಿ ಕನ್ನಡ ನಿಲ್ಲಿಸಿ ಇಂಗ್ಲಿಷ್ ಮಾತ್ರ ಮಾತಾಡಿ ಅಂತಾರೆ ಪ್ಲೇಸ್ಕೂಲಿನವರು. ಹಾಗೆ ಮಾಡಬೇಕಾ?

ದಯವಿಟ್ಟು ಬೇಡ. "ಎರಡು ಭಾಷೆ ಕಿವಿಗೆ ಬಿದ್ದು ಮಗುವಿಗೆ ಗೊಂದಲ ಆಗಿದೆ" ಅಂತ ನಮಗೂ ಹೇಳಿದ್ದರು. ನಾವು ನಂಬಿಬಿಟ್ಟೆವು.

ಮಗಳಿಗೆ ಆಗ ಎರಡು ತುಂಬಿತ್ತು. ಅಮ್ಮ, ಬಾ, ಬೇಡ, ಇಂಥ ಬಿಡಿ ಪದಗಳಷ್ಟೇ. ಸಾಮಾನ್ಯವಾಗಿ ಆ ವಯಸ್ಸಿಗೆ ಮಕ್ಕಳು "ಅಮ್ಮ ಬಾ" ಅಂತ ಎರಡು ಪದ ಜೋಡಿಸುತ್ತಾರೆ. ಇವಳು ಜೋಡಿಸುತ್ತಿರಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಶುರು ಮಾಡಿದೆವು. ನಮಗೆ ಬರೋದು ಆಫೀಸಿನ ಇಂಗ್ಲಿಷ್. ಅದರಲ್ಲಿ ಮುದ್ದು ಮಾಡೋಕೆ, ಸ್ನಾನ ಮಾಡಿಸುತ್ತಾ ಹರಟೋಕೆ ಆಗಲಿಲ್ಲ. "ಕಮ್", "ಸಿಟ್", "ಈಟ್", ಅಲ್ಲಿಗೆ ಮಾತು ಮುಗೀತು. ನಮ್ಮತ್ತೆ ಸೊಪ್ಪು ಬಿಡಿಸುತ್ತಾ ದಿನವಿಡೀ ಅವಳ ಜೊತೆ ಮಾತಾಡುತ್ತಿದ್ದವರು. ಅವರಿಗೆ ಇಂಗ್ಲಿಷ್ ಬರಲ್ಲ. ನಾವೇ ಹೇಳಿ ಅವರ ಬಾಯಿ ಮುಚ್ಚಿಸಿದೆವು. ಮಗು "ಆ" ಅಂದರೆ ಯಾರಾದರೂ "ಏನಮ್ಮಾ, ಕಾಗೆ ಬಂತಾ?" ಅನ್ನಬೇಕು. ಅದು ಮತ್ತೆ ಏನೋ ಅನ್ನುತ್ತೆ. ಮಾತು ಬರೋದೇ ಹೀಗೆ ಅಲ್ವಾ? ಅದೇ ನಿಂತುಹೋಯಿತು. ಇನ್ನೂ ಕೆಟ್ಟದ್ದು ಅಂದರೆ, ಭಾಷೆಯೇ ಕಾರಣ ಅಂತ ನಂಬಿ ಕೂತಿದ್ದರಿಂದ ಬೇರೆ ಕಾರಣ ಹುಡುಕಲೇ ಇಲ್ಲ. ಒಂದಿಡೀ ಮಳೆಗಾಲ ಹಾಗೇ ಕಳೆಯಿತು.

ತೊಂದರೆ ಇದ್ದದ್ದು ಕಿವಿಯಲ್ಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅವಳ ಕಿವಿಗೆ ಸಣ್ಣ ರಬ್ಬರ್ ತುದಿ ಇಟ್ಟು, ಗಾಳಿಯ ಒತ್ತಡ ಬದಲಿಸಿ ನೋಡಿದರು. ಪರದೆಯ ಮೇಲೆ ಗೆರೆ ಗುಡ್ಡದ ಹಾಗೆ ಏರಿ ಇಳಿಯಬೇಕಿತ್ತು. ಅವಳದ್ದು ಚಪ್ಪಟೆ. ಪದೇ ಪದೇ ನೆಗಡಿಯಾಗಿ ಕಿವಿತಮಟೆಯ ಹಿಂದೆ ನೀರು ತುಂಬಿತ್ತು. ತಟ್ಟೆ ಬಿದ್ದರೆ ತಿರುಗಿ ನೋಡುತ್ತಿದ್ದಳು, ಹಾಗಾಗಿ ನಮಗೆ ಅನುಮಾನವೇ ಬಂದಿರಲಿಲ್ಲ. ಜೋರು ಸದ್ದು ಕೇಳುತ್ತೆ, ಮೆಲ್ಲಗಿನ ಸ, ಫ ಕೇಳಿಸಲ್ಲ. ಎಷ್ಟೋ ಮಕ್ಕಳಲ್ಲಿ ಈ ನೀರು ಮೂರು ತಿಂಗಳೊಳಗೆ ತಾನಾಗೇ ಹೋಗುತ್ತದೆ. ಇವಳಿಗೆ ಹೋಗಲಿಲ್ಲ. ಇಎನ್‌ಟಿ ಡಾಕ್ಟರು ತಮಟೆಯಲ್ಲಿ ಪುಟ್ಟ ಕೊಳವೆ ಕೂರಿಸಿದರು. ಅತ್ತೆಯ ಹರಟೆ ಮತ್ತೆ ಶುರುವಾಯಿತು. ಅವಳು ಮೊದಲು ಜೋಡಿಸಿದ್ದು "ಸೊಪ್ಪು ಬೇಡ".

ನಿಮ್ಮ ಮಗನಿಗೂ ಇದೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಯಾವ ಭಾಷೆ ಅನ್ನೋದು ಈಗಿನ ಪ್ರಶ್ನೆಯೇ ಅಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಎರಡು ಭಾಷೆ ಕೇಳಿದರೆ ಮಾತು ತಡವಾಗಲ್ಲ. ಅವನ ಪದಗಳನ್ನು ಎಣಿಸುವಾಗ ಎರಡೂ ಭಾಷೆಯವನ್ನು ಸೇರಿಸಿ ಎಣಿಸಿ. "ಗಂಡು ಮಕ್ಕಳಿಗೆ ಮಾತು ತಡ" ಅಂತ ಯಾರಾದರೂ ಅಂದರೆ ಕೇಳಿಕೊಂಡು ಸುಮ್ನೆ ಕೂರಬೇಡಿ. ಮೈಸೂರು ದೂರವಾದರೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೂ (ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ತಂಡ) ಹೇಳಬಹುದು, ಮಕ್ಕಳ ಕಿವಿ, ಮಾತು ನೋಡೋದೂ ಅವರ ಕೆಲಸವೇ. ಸದ್ದಿಗೆ ಕಿವಿಯ ನರ, ಮೆದುಳು ಹೇಗೆ ಸ್ಪಂದಿಸುತ್ತೆ ಅಂತ ನೋಡುವ ಬೇರಾ ಪರೀಕ್ಷೆ ಬರೆದುಕೊಟ್ಟರೆ ಮಗು ನಿದ್ದೆಯಲ್ಲಿರಬೇಕಾಗುತ್ತದೆ. ಆ ದಿನ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡಬೇಡಿ, ಅವನ ಹೊದಿಕೆ ಜೊತೆಗಿಟ್ಟುಕೊಳ್ಳಿ.